ಅವಾಹಕದ ಪಾಠ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಪ್ಲಾಸ್ಟಿಕ್ ಅವಾಹಕ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ ಎಂದು ನೀವು ಮಕ್ಕಳಿಗೆ ಬರೆದುಕೊಡುತ್ತೀರಿ. ಮಾತು ಸುಳ್ಳಲ್ಲ. ಆದರೆ ಪಾಠ ಅಲ್ಲಿಗೇ ನಿಂತುಬಿಡುವುದರಿಂದ, ವಿದ್ಯುತ್ತಿಗೂ ಪ್ಲಾಸ್ಟಿಕ್ಕಿಗೂ ಸಂಬಂಧವೇ ಇಲ್ಲವೆಂದುಕೊಂಡು ಮಕ್ಕಳು ಪುಟ ತಿರುವುತ್ತಾರೆ. ನನ್ನ ತಕರಾರು ಇಷ್ಟೇ.

ಮುಂದಿನ ಸಲ ರಕ್ತದಾನಕ್ಕೆ ಹೋದಾಗ ಒಂದು ಗಳಿಗೆ ನಿಂತು ನೋಡಿ. ರಕ್ತ ತುಂಬಿದ ಮೇಲೆ ಚೀಲದ ಕೊಳವೆಯನ್ನು ಪುಟ್ಟ ಯಂತ್ರವೊಂದರ ದವಡೆಗಳ ನಡುವೆ ಇಡುತ್ತಾರೆ. ಕೆಲವೇ ಕ್ಷಣಗಳಲ್ಲಿ ಕೊಳವೆ ಮೆತ್ತಗಾಗಿ ಬೆಸೆದುಕೊಳ್ಳುತ್ತದೆ. ಅದನ್ನು ಕಾಸಲು ದವಡೆಗಳಲ್ಲಿ ಬಿಸಿ ತಂತಿಯೇನೂ ಇಲ್ಲ. ಅವುಗಳ ನಡುವೆ ಇರುವುದು ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ ಕ್ಷೇತ್ರ. ಬಿಸಿ ಹುಟ್ಟುವುದು ಆ ಅವಾಹಕದ ಒಡಲಲ್ಲೇ.

ಕೊಳವೆ ಪಿವಿಸಿಯದು. ಅದರ ಅಣುಸರಪಳಿಯಲ್ಲಿ ಕ್ಲೋರಿನ್ ಇರುವ ಕಡೆ ಋಣ ವಿದ್ಯುದಂಶ ಕೊಂಚ ಹೆಚ್ಚು, ಇಂಗಾಲದ ಕಡೆ ಕೊಂಚ ಕಡಿಮೆ. ಹೀಗೆ ಸರಪಳಿಯುದ್ದಕ್ಕೂ ಸಣ್ಣ ಸಣ್ಣ ದ್ವಿಧ್ರುವಗಳು. ಕ್ಷೇತ್ರ ಬಂದೊಡನೆ ಅವು ಅದರತ್ತ ಹೊರಳಲು ನೋಡುತ್ತವೆ. ಆದರೆ ಅವು ಬಿಡಿ ಅಣುಗಳಲ್ಲ. ತುಂಬಿದ ಬಸ್ಸಿನಲ್ಲಿ ಒಬ್ಬರು ತಿರುಗಬೇಕಾದರೆ ಪಕ್ಕದ ನಾಲ್ವರು ಸರಿಯಬೇಕಾದಂತೆ, ಒಂದು ದ್ವಿಧ್ರುವ ಹೊರಳಲು ಸರಪಳಿಯ ಒಂದು ತುಂಡೇ ಜಗ್ಗಬೇಕು. ಇಂಥ ಬೆಸುಗೆಗೆ ಬಳಸುವ ಯಂತ್ರಗಳಲ್ಲಿ 27.12 ಮೆಗಾಹರ್ಟ್ಸ್ ಸಾಮಾನ್ಯ, ಅಂದರೆ ಸೆಕೆಂಡಿಗೆ 2 ಕೋಟಿ 71 ಲಕ್ಷಕ್ಕೂ ಹೆಚ್ಚು ಆವರ್ತಗಳು. ಸರಪಳಿ ಹಿಂದೆ ಬೀಳುತ್ತದೆ. ಹೀಗೆ ತಡವಾಗಿ ಹೊರಳುವಾಗ ಆಗುವ ತಿಕ್ಕಾಟವೇ ಶಾಖ. ಕ್ಷೇತ್ರ ತೀರಾ ನಿಧಾನವಾಗಿದ್ದರೆ ದ್ವಿಧ್ರುವಗಳು ಸಲೀಸಾಗಿ ಜೊತೆಗೂಡುತ್ತವೆ, ತೀರಾ ವೇಗವಾಗಿದ್ದರೆ ಕದಲುವಷ್ಟು ಸಮಯವೇ ಸಿಗುವುದಿಲ್ಲ. ಶಾಖವಾಗಿ ಹೋಗುವ ಶಕ್ತಿ ಹೆಚ್ಚು ಈ ಎರಡರ ನಡುವೆ. ದ್ವಿಧ್ರುವಗಳ ಈ ಲೆಕ್ಕಕ್ಕೆ ತಳಪಾಯ ಹಾಕಿದ ಪೀಟರ್ ಡಿಬೈ ಅವರಿಗೆ 1936ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಇದೇ ಪಿವಿಸಿ ನೀರಿನ ಪೈಪಿನಲ್ಲಿ ಗಟ್ಟಿ, ರಕ್ತದ ಚೀಲದಲ್ಲಿ ಮೆತ್ತಗೆ. ಪೈಪಿನ ಪಿವಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಸರಪಳಿಗಳ ದೊಡ್ಡ ಚಲನೆ ಕಟ್ಟಿಹಾಕಿದಂತಿರುತ್ತದೆ. ಚೀಲಕ್ಕೆ ಬೆರೆಸುವ ಮೃದುಕಾರಿ ದ್ರವ ಸರಪಳಿಗಳ ನಡುವೆ ಜಾಗ ಮಾಡಿಕೊಟ್ಟು ಆ ಉಷ್ಣತೆಯನ್ನು ತೀರಾ ಕೆಳಕ್ಕಿಳಿಸುತ್ತದೆ. ಒಂದೇ ಪದಾರ್ಥ ಕ್ಷೇತ್ರಕ್ಕೆ ಎರಡು ಬಗೆಯಲ್ಲಿ ಓಗೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗುತ್ತದೆ?

ಹಾಲಿನ ಪ್ಯಾಕೆಟ್ಟನ್ನು ಇದೇ ಯಂತ್ರದಲ್ಲಿಟ್ಟರೆ ಬೆಸುಗೆ ಆಗದು. ಅದು ಪಾಲಿಥೀನ್. ಇಂಗಾಲ ಮತ್ತು ಜಲಜನಕವಷ್ಟೇ ಇರುವ ಅದರ ಸರಪಳಿಯಲ್ಲಿ ಹೇಳಿಕೊಳ್ಳುವಂಥ ದ್ವಿಧ್ರುವವಿಲ್ಲ. ಹಾಗಾಗಿಯೇ ಅದಕ್ಕೆ ಬಿಸಿ ಪಟ್ಟಿ ಒತ್ತಬೇಕು. 1933ರಲ್ಲಿ ಇಂಗ್ಲೆಂಡಿನಲ್ಲಿ ಕಣ್ಣಿಗೆ ಬಿದ್ದ ಈ ಪದಾರ್ಥ ಎರಡನೇ ಮಹಾಯುದ್ಧದ ರೇಡಾರ್ ಕೇಬಲ್ಲುಗಳಿಗೆ ಒದಗಿದ್ದೂ ಈ ನಿರ್ಲಿಪ್ತತೆಯಿಂದಲೇ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ, ಪಿವಿಡಿಎಫ್ ಎಂಬ ಪ್ಲಾಸ್ಟಿಕ್. ಅದರ ಹಾಳೆಯನ್ನು ಹಿಗ್ಗಿಸಿ, ಬೆಚ್ಚಗಿಟ್ಟು, ಪ್ರಬಲ ಕ್ಷೇತ್ರದಲ್ಲಿ ದ್ವಿಧ್ರುವಗಳನ್ನು ಒಂದೇ ಕಡೆಗೆ ತಿರುಗಿಸಿ, ಕ್ಷೇತ್ರ ತೆಗೆಯುವ ಮೊದಲೇ ತಣಿಸುತ್ತಾರೆ. ಆಮೇಲೆ ಅವು ಹಾಗೇ ನಿಲ್ಲುತ್ತವೆ. ಅಂಥ ಹಾಳೆಯನ್ನು ಒತ್ತಿದರೆ ವೋಲ್ಟೇಜು ಹುಟ್ಟುತ್ತದೆ. ಜಪಾನಿನ ಹೈಜಿ ಕವಾಯಿ ಇದನ್ನು 1969ರಲ್ಲಿ ಪ್ರಕಟಿಸಿದರು. ಅಲ್ಟ್ರಾಸೌಂಡ್ ಅಲೆಗಳನ್ನು ನೀರಿನಲ್ಲಿ ಅಳೆಯುವ ಹೈಡ್ರೋಫೋನುಗಳಲ್ಲಿ ಈಗ ಇದೇ ಹಾಳೆ ಕೆಲಸ ಮಾಡುತ್ತಿದೆ.

ಇಷ್ಟನ್ನೂ ಸೇರಿಸಿ ಎಂದು ಕೇಳುತ್ತಿಲ್ಲ. ಮುಂದಿನ ಮುದ್ರಣದಲ್ಲಿ ಆ ವಾಕ್ಯದ ಪಕ್ಕಕ್ಕೆ ಇನ್ನೆರಡು ಸಾಲು ಬರಲಿ: ಪ್ಲಾಸ್ಟಿಕ್‌ನಲ್ಲಿ ವಿದ್ಯುತ್ ಹರಿಯದಿದ್ದರೂ ವಿದ್ಯುತ್ ಕ್ಷೇತ್ರ ಅದರೊಳಗೆ ಹೋಗುತ್ತದೆ, ಕೆಲವು ಪ್ಲಾಸ್ಟಿಕ್‌ಗಳ ಅಣುಭಾಗಗಳು ಅದಕ್ಕೆ ತಕ್ಕಂತೆ ಹೊರಳುತ್ತವೆ. ಜೊತೆಗೆ ರಕ್ತದ ಚೀಲದ್ದೊಂದು ಚಿತ್ರ. ಉಳಿದದ್ದನ್ನು ತರಗತಿಯಲ್ಲಿ ನಾವು ನೋಡಿಕೊಳ್ಳುತ್ತೇವೆ.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ