ದೋಣಿಗೆ ಕಟ್ಟಿದ ತಂತಿ

ಅಮೆರಿಕದ ಹವ್ಯಾಸಿ, ಅಂದರೆ ಹ್ಯಾಮ್, ರೇಡಿಯೊ ಮಂದಿಯ ಪಾಡು ಕೇಳಿದರೆ ಅಯ್ಯೋ ಅನಿಸುತ್ತದೆ. ಲೈಸೆನ್ಸ್ ಇದೆ, ಸೆಟ್ ಇದೆ, ದೊಡ್ಡ ಮನೆಯೂ ಇದೆ. ಆದರೆ ಆಂಟೆನಾ ಕಂಬ ನೆಡಲು ಎಷ್ಟೋ ಕಾಲೊನಿಗಳ ಸಂಘದವರು ಬಿಡುವುದಿಲ್ಲ. ಬೀದಿಯ ಅಂದ ಕೆಡುತ್ತದಂತೆ! ಅದಕ್ಕೇ ಕೆಲವರು ಸೂರಿನಂಚಿನ ಮಳೆನೀರಿನ ಅಲ್ಯುಮಿನಿಯಂ ದೋಣಿಗೆ ಕದ್ದುಮುಚ್ಚಿ ತಂತಿ ಕಟ್ಟಿ ದೇಶವಿದೇಶ ಮಾತಾಡಿಸುತ್ತಾರೆ. 7 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 43 ಮೀಟರ್. ಅದರ ಕಾಲುಭಾಗಕ್ಕೆ, ಅಂದರೆ ಹತ್ತು ಮೀಟರ್ ಚಿಲ್ಲರೆಗೆ, ದೊಡ್ಡ ಮನೆಯ ಒಂದು ಮಗ್ಗುಲಿನ ದೋಣಿ ಸಾಕು. ಉಳಿದ ಹೊಂದಾಣಿಕೆ ಟ್ಯೂನರಿನದು. ಕೀಲುಗಳು ಮಾತ್ರ ಗಟ್ಟಿ ಕೂಡಿರಬೇಕು. ತುಕ್ಕು ಹಿಡಿದ ಕೀಲು ಡಯೋಡಿನಂತೆ ವರ್ತಿಸಿ ಪಕ್ಕದ ಮನೆಯ ಟಿವಿಯಲ್ಲಿ ಗರಗರ ಎಬ್ಬಿಸಿದರೆ ಕಳ್ಳ ಸಿಕ್ಕಿಬಿದ್ದ ಹಾಗೆಯೇ.

ನಮ್ಮ ಕೆ.ಟಿ. ದೊಡ್ಡಿಯಲ್ಲಿ ಅಂಥ ಸಂಘವಿಲ್ಲ. ಇಡೀ ಊರೇ ಸಂಘ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ನಡಿಗಡ್ಡೆಯಲ್ಲಿ ಮಳೆ ಕಮ್ಮಿ, ಮಾಳಿಗೆ ಮಟ್ಟಸ. ಕುಂಬಿಯ ಬುಡದಿಂದ ಹೊರಚಾಚಿದ ತಗಡಿನ ತುಂಡೇ ನಮಗೆ ದೋಣಿ. ಅಳೆದರೆ ಒಂದು ಮೊಳ, ಮೇಲೆ ಎರಡು ಬೆರಳು. ಏಳು ಮೆಗಾಹರ್ಟ್ಸ್‌ಗೆ ಇದು ಯಾವ ಮೂಲೆಗೂ ಸಾಲದು. ಆದರೆ 144ರಿಂದ 146 ಮೆಗಾಹರ್ಟ್ಸ್‌ವರೆಗಿನ ಎರಡು ಮೀಟರ್ ಬ್ಯಾಂಡಿಗೆ ಕಾಲು ಅಲೆ ಎಂದರೆ ಹೆಚ್ಚುಕಡಿಮೆ ಅರ್ಧ ಮೀಟರ್. ತಗಡಿನ ಅಂಗಡಿಯವನು ತನಗರಿವಿಲ್ಲದೆಯೇ ಊರ ತುಂಬ ಆಂಟೆನಾ ಕೂರಿಸಿಬಿಟ್ಟಿದ್ದಾನೆ!

ತಕರಾರು ಎರಡೇ. ಕಾಲು ಅಲೆಗೆ ಎದುರು ಜೋಡಿ ಬೇಕು. ಮಣ್ಣಿನ ಮಾಳಿಗೆ ಆ ಕೆಲಸಕ್ಕೆ ಬರುವುದಿಲ್ಲ. ಅಷ್ಟೇ ಉದ್ದದ ತಂತಿಯನ್ನು ಇತ್ತ ಮಗ್ಗುಲಿಗೆ ಕಟ್ಟಿದೆ. ಇನ್ನು, ದೋಣಿ ಅಡ್ಡ ಮಲಗಿದೆ, ಹ್ಯಾಂಡ್‌ಸೆಟ್‌ಗಳ ಏರಿಯಲ್‌ಗಳೆಲ್ಲ ನೆಟ್ಟಗೆ ನಿಂತಿವೆ. ಅಡ್ಡ ಏರಿಯಲ್‌ಗೂ ನೆಟ್ಟಗಿನದಕ್ಕೂ ಸಿಗ್ನಲ್ ಒಗ್ಗುವುದು ಕಷ್ಟ. ಗುಡುಗಿದರಂತೂ ಮೊದಲು ತಂತಿ ಕೀಳಬೇಕು, ಮಿಕ್ಕದ್ದು ಆಮೇಲೆ.

ನಾನು ಕುಂಬಿ ಮೇಲೆ ಬಗ್ಗಿದ್ದು ಕಂಡು ಮಾವ ಬೀದಿಯಿಂದಲೇ ಕೂಗಿದರು: "ಏನೋ ಅಳಿಯಾ, ದ್ವಾಣಿಗೆ ಕರೆಂಟ್ ಕೊಡಾಕತ್ತೀಯೇನು?"

ಕೆಳಗಿಳಿದು, 2004ರ ಸುನಾಮಿಯಲ್ಲಿ ಅಂಡಮಾನಿನ ಸಂಪರ್ಕ ಕಡಿದಾಗ ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಹ್ಯಾಮ್ ರೇಡಿಯೊದಲ್ಲೇ ಸುದ್ದಿ ಮುಟ್ಟಿಸಿದ ಕಥೆ ಹೇಳಿದೆ. ರಾಜೀವ್ ಗಾಂಧಿಯೂ ಹ್ಯಾಮ್ ಆಗಿದ್ದರು ಎಂದೆ. ಮಾವನ ಮುಖ ಅರಳಿತು.

"ಹಂಗಾರ ರಾಯಚೂರಾಗ ಇವತ್ತು ಹತ್ತಿ ರೇಟ್ ಎಷ್ಟೈತಿ ಕೇಳು."

"ವ್ಯಾಪಾರದ ಮಾತು ಆಡಂಗಿಲ್ರಿ ಮಾವ. ರೂಲ್ಸ್ ಐತಿ."

"ಮತ್ತ ಏನು ಮಾತಾಡ್ತೀರಿ?"

"ಸಿಗ್ನಲ್ ಹೆಂಗ ಬರಾಕತ್ತೈತಿ, ಯಾವ ಏರಿಯಲ್ ಕಟ್ಟೀರಿ, ಎಷ್ಟು ಎತ್ತರಕ್ಕೆ... ಹಿಂಗ."

ಮಾವ ದೋಣಿ ನೋಡಿದರು, ನನ್ನನ್ನು ನೋಡಿದರು.

"ಏರಿಯಲ್ ಬಗ್ಗೆ ಮಾತಾಡಾಕ ಏರಿಯಲ್ ಕಟ್ಟೀಯಾ?"