ವಾರ್ಷಿಕ ವಿಮರ್ಶಕರು

ಮಹಾಲಯ ಅಮಾವಾಸ್ಯೆಯ ಜಾತ್ರೆಗೆಂದು ಮಲೆ ಮಹದೇಶ್ವರ ಬೆಟ್ಟದ ಬಸ್ಸುಗಳು ಕೊಳ್ಳೇಗಾಲದ ನಿಲ್ದಾಣದಲ್ಲಿ ಕಾಲಿಡಲು ಎಡೆಯಿಲ್ಲದಂತೆ ತುಂಬುವ ಕಾಲಕ್ಕೂ, ಕೆನಡಾ ದೇಶದ ಬರ್ನಬಿ ಎಂಬ ಊರಿನಲ್ಲಿ ಕಾರ್ಯಾಲಯವಿಟ್ಟುಕೊಂಡಿರುವ ಇ.ಎ. ಸ್ಪೋರ್ಟ್ಸ್ ಸಂಸ್ಥೆಯವರು ತಮ್ಮ ಫುಟ್ಬಾಲ್ ವಿಡಿಯೋ ಗೇಮಿನ ಆ ವರ್ಷದ ಆವೃತ್ತಿಯನ್ನು ಲೋಕಕ್ಕೆ ಬಿಡುವ ಕಾಲಕ್ಕೂ ಹೆಚ್ಚಿನ ಅಂತರವಿರುವುದಿಲ್ಲ. 2023ರಲ್ಲಿ ಸೆಪ್ಟೆಂಬರ್ 29, 2024ರಲ್ಲಿ 27, 2025ರಲ್ಲಿ 26, ಮೂರೂ ಶುಕ್ರವಾರಗಳೇ. ಬೆಟ್ಟಕ್ಕೆ ಹೊರಟವರ ಮುಖದಲ್ಲಿ ಆ ದಿನಗಳಲ್ಲಿ ಕಾಣುವ ಉತ್ಸಾಹಕ್ಕೂ ನಮ್ಮ ವಿಮರ್ಶಕ ಮಹಾಶಯರ ಮುಖದಲ್ಲಿ ಕಾಣುವ ವಿಷಾದಕ್ಕೂ ಮಾತ್ರ ಯಾವ ಸಾಮ್ಯವೂ ಇಲ್ಲ. ಅವರು ನಿರಾಶರಾಗಲು ಸಿದ್ಧರಾಗುತ್ತಿರುತ್ತಾರೆ. ಅದಕ್ಕೆ ಬೇಕಾದ ಮನಸ್ಸಿನ ಏಕಾಗ್ರತೆ ಸಾಮಾನ್ಯವಾದುದಲ್ಲ.

ಮಹಾಶಯರಿಗೆ ವಯಸ್ಸು ನಲವತ್ತಕ್ಕೆ ಹತ್ತಿರ, ವೃತ್ತಿ, ಯಾವುದೋ ಕಚೇರಿಯಲ್ಲಿ ಗುಮಾಸ್ತಿಕೆ, ಪ್ರವೃತ್ತಿ, ಖಂಡನೆ. ಅವರ ತಾತನವರು ಕೊಳ್ಳೇಗಾಲದ ರೇಷ್ಮೆ ಸೀರೆಯ ವ್ಯಾಪಾರದಲ್ಲಿ ತಲೆ ನರೆಸಿಕೊಂಡವರಂತೆ. ಸೀರೆಯ ಸೆರಗನ್ನು ಎರಡು ಬೆರಳುಗಳ ನಡುವೆ ಹಿಡಿದು, ಕಣ್ಣು ಮುಚ್ಚಿ, ಜರಿ ಅಸಲೋ ನಕಲಿಯೋ, ಹುರಿ ಬಿಗಿಯೋ ಸಡಿಲವೋ ಎಂಬುದನ್ನು ಅವರು ಹೇಳಿಬಿಡುತ್ತಿದ್ದುದನ್ನು ನೆನೆಯುವ ವೃದ್ಧರು ಊರಿನಲ್ಲಿ ಇನ್ನೂ ಇದ್ದಾರೆ. ಮೊಮ್ಮಗನಿಗೆ ಅಂಗಡಿ ಬರಲಿಲ್ಲ, ಬೆರಳು ಬಂದಿತು. ಬಸ್ ನಿಲ್ದಾಣದ ಹಿಂಬದಿಯ ಬೀದಿಯಲ್ಲಿ, ಮೊಬೈಲ್ ರಿಪೇರಿ ಅಂಗಡಿಯ ಮಹಡಿಯ ಮೇಲೆ, ಗಂಟೆಯ ಲೆಕ್ಕದಲ್ಲಿ ಹಣ ತೆಗೆದುಕೊಳ್ಳುವ ಗೇಮ್ ಸೆಂಟರಿನಲ್ಲಿ ಹೊಸ ಆವೃತ್ತಿಯ ಮೊದಲ ಸಂಜೆ ಅವರು ಕುಳಿತುಕೊಳ್ಳುವ ರೀತಿಯನ್ನು ನೋಡಬೇಕು. ಆಡುವುದಿಲ್ಲ. ಒಂದು ಗೋಲಾದೊಡನೆ ರೀಪ್ಲೇಯನ್ನು ನಿಲ್ಲಿಸಿ, ಕ್ಯಾಮೆರಾವನ್ನು ನೆಲದ ಮಟ್ಟಕ್ಕೆ ಇಳಿಸಿ, ಹುಲ್ಲಿನ ಮೇಲೆ ಮೆಲ್ಲಗೆ ಸಾಗಿಸುತ್ತ, ಮೊದಲು ಗರಿಕೆ, ಅನಂತರ ಆಟಗಾರನ ಕಾಲುಚೀಲ, ಅನಂತರ ಗೋಲಿನ ಬಲೆ, ಕಟ್ಟಕಡೆಗೆ ಹಿಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟುತ್ತಿರುವ ಪ್ರೇಕ್ಷಕ, ಹೀಗೆ ಒಂದೊಂದನ್ನೂ ಪರೀಕ್ಷಿಸಿ, ಬಲೆ ಅಲುಗಿದ ಬಗೆಯನ್ನು ಮತ್ತೊಮ್ಮೆ ನೋಡಿ, ದೀರ್ಘವಾಗಿ ನಿಟ್ಟುಸಿರಿಡುತ್ತಾರೆ.

"ಹೋದ ವರ್ಷದ್ದೇ ಬಲೆ ಕನಪ್ಪ. ಗಂಟೂ ಬಿಚ್ಚಿಲ್ಲ."

ಹತ್ತಕ್ಕೆ ನಾಲ್ಕು ಅಂಕ. ಪ್ರತಿ ವರ್ಷವೂ ನಾಲ್ಕೇ.

"ಹಂಗಾರ ಮುಂದಿನ ವರ್ಷ ತರುಸ್ದು ಬ್ಯಾಡ್ವಾ, ಸಾ?" ಎಂದು ಸೆಂಟರಿನ ಮಾಲೀಕ ಕೇಳುತ್ತಾನೆ. ಸಾವಿರಾರು ರೂಪಾಯಿ ಬೆಲೆ ತೆತ್ತು ತರಿಸುವವನಿಗೆ ಇದು ಜೀವನ್ಮರಣದ ಪ್ರಶ್ನೆ.

"ತರುಸ್ದೆ ಇದ್ರ ನಾನು ಯಾವುದ್ನ ನೋಡಿ ಬೈಯ್ಲಯ್ಯಾ?"

ಈ ಉತ್ತರವನ್ನು ಮೇಲ್ನೋಟಕ್ಕೆ ಹಾಸ್ಯವೆಂದು ತಳ್ಳಿಹಾಕುವವರು ಅವರ ಪಾಂಡಿತ್ಯವನ್ನು ಅರಿತವರಲ್ಲ. ಈ ಆಟದ ಮೂಲಪುರುಷನಾದ ಫಿಫಾ ಇಂಟರ್‌ನ್ಯಾಷನಲ್ ಸಾಕರ್ 1993ರ ಡಿಸೆಂಬರಿನಲ್ಲಿ ಅವತರಿಸಿದುದನ್ನೂ, ಮೈದಾನವನ್ನು ಅದು ಓರೆಯಾಗಿ ತೋರಿಸುತ್ತಿದ್ದುದನ್ನೂ, ಆಟಗಾರರ ಹೆಸರುಗಳೆಲ್ಲ ಕಲ್ಪಿತವಾಗಿದ್ದುದನ್ನೂ ಅವರು ಕಂಠಸ್ಥ ಮಾಡಿಕೊಂಡಿದ್ದಾರೆ. ಅದರಲ್ಲಿದ್ದ ಒಂದು ಸೌಲಭ್ಯವನ್ನು ವರ್ಣಿಸುವಾಗಲಂತೂ ಅವರ ಕಂಠ ಗದ್ಗದವಾಗುತ್ತದೆ: ತಪ್ಪೆಸಗಿದ ಆಟಗಾರನಿಗೆ ಕಾರ್ಡ್ ತೋರಿಸಲು ರೆಫರಿ ಬರುತ್ತಿದ್ದರೆ, ಆಡುವಾತ ಗುಂಡಿ ಒತ್ತಿ ಆ ಅಪರಾಧಿಯನ್ನು ಓಡಿಸಿಬಿಡಬಹುದಾಗಿತ್ತು, ರೆಫರಿ ಬೆನ್ನಟ್ಟುತ್ತಿದ್ದ, ಅಪರಾಧಿ ಮೈದಾನವನ್ನೆಲ್ಲ ಸುತ್ತುತ್ತಿದ್ದ. ಮುಂದೆ ಬಂದ ಯಾವ ಪ್ರಗತಿಯೂ ಈ ಒಂದು ನಷ್ಟವನ್ನು ತುಂಬಿಕೊಟ್ಟಿಲ್ಲವೆಂಬುದು ಅವರ ಸಿದ್ಧಾಂತ. ಪ್ರತಿಸ್ಪರ್ಧಿಯಾದ ಜಪಾನಿನ ಕೊನಾಮಿಯವರ ಪ್ರೊ ಎವಲ್ಯೂಷನ್ ಸಾಕರ್‌ನಲ್ಲಿ ಪರವಾನಗಿ ಇಲ್ಲದ ಕಾರಣ ರೊಬರ್ಟೊ ಕಾರ್ಲೋಸ್ 'ಲಾರ್ಕೋಸ್' ಆಗಿದ್ದುದನ್ನೂ, ಭೂಮಿಯ ಮೇಲೆ ಎಂದೂ ಹುಟ್ಟದ ಕಸ್ಟೋಲೊ ಎಂಬ ಮುಂಪಡೆಯ ಆಟಗಾರ ತಮ್ಮ ಯೌವನದ ಎಷ್ಟೋ ರಾತ್ರಿಗಳನ್ನು ಗೆದ್ದುಕೊಟ್ಟುದನ್ನೂ ಅವರು ಹೇಳುವಾಗ, ಅಗಲಿದ ಬಂಧುವಿನ ಗುಣಕಥನವನ್ನೇ ಕೇಳುತ್ತಿರುವೆವೇನೋ ಎಂದು ಕೇಳುಗರು ತಲೆ ಬಾಗಿಸುವುದುಂಟು.

ಪರದೇಶದ ವಿಮರ್ಶಕರನ್ನು ಅವರು ಸುಲಭವಾಗಿ ಒಪ್ಪುವವರಲ್ಲ. ಇಂಥ ಆಟಗಳಿಗೆ ನೂರಕ್ಕೆ ಎಪ್ಪತ್ತು ಎಂಬತ್ತು ಅಂಕಗಳನ್ನು ಧಾರೆಯೆರೆದು, ಕೊನೆಯಲ್ಲಿ 'ಸುಧಾರಣೆಗೆ ಅವಕಾಶವಿದೆ' ಎಂದು ಮುಗಿಸುವ ಆ ದಾಕ್ಷಿಣ್ಯಪರರ ಬರಹಗಳ ಪೈಕಿ ಒಂದೇ ಒಂದು ಕೃತಿಯನ್ನು ಮಾತ್ರ ಅವರು ಆದರ್ಶವೆಂದು ಭಾವಿಸಿದ್ದಾರೆ. 2020ರಲ್ಲಿ ನಿಂಟೆಂಡೊ ಸ್ವಿಚ್ ಯಂತ್ರಕ್ಕೆಂದು ಇ.ಎ. ಸಂಸ್ಥೆಯವರು ಹಿಂದಿನ ವರ್ಷದ ಆಟಕ್ಕೇ ಹೊಸ ಅಂಗಿ ತೊಡಿಸಿ ಫಿಫಾ 21 ಎಂದು ಮಾರಿದಾಗ, ಐ.ಜಿ.ಎನ್. ಜಾಲಪತ್ರಿಕೆಯವರು ತಾವು ಹಿಂದಿನ ವರ್ಷ ಬರೆದಿದ್ದ ವಿಮರ್ಶೆಯನ್ನೇ ಮತ್ತೆ ಪ್ರಕಟಿಸಿ, ಹತ್ತಕ್ಕೆ ಎರಡು ಅಂಕ ಕೊಟ್ಟು ಕೈತೊಳೆದುಕೊಂಡರು. ವಿಮರ್ಶಾಶಾಸ್ತ್ರದಲ್ಲಿ ಇದಕ್ಕಿಂತ ಸಂಕ್ಷಿಪ್ತವೂ ನ್ಯಾಯಸಮ್ಮತವೂ ಆದ ತೀರ್ಪು ಇನ್ನೊಂದಿಲ್ಲವೆಂದು ನಾನೂ ಒಪ್ಪುತ್ತೇನೆ. ಆದರೆ ಆ ಪತ್ರಿಕೆಯವರು ಒಮ್ಮೆ ಮಾಡಿದುದನ್ನು ನಮ್ಮ ಮಹಾಶಯರು ವರ್ಷವರ್ಷವೂ ಸ್ವಂತ ಪ್ರತಿಭೆಯಿಂದಲೇ ಮಾಡುತ್ತ ಬಂದಿದ್ದಾರೆ.

ಅವರ ದುಃಖದ ಮೂಲ ಆಟ ಬದಲಾಗದಿರುವುದು ಎಂದು ಬಹುಕಾಲ ನಂಬಿದ್ದವರಲ್ಲಿ ನಾನೂ ಒಬ್ಬ. ಬದಲಾದಾಗ ಏನಾಯಿತೆಂಬುದನ್ನು ನೋಡಿದ ಮೇಲೆ ಆ ನಂಬಿಕೆ ಅಲುಗಾಡಿತು. 2021ರ ಸೆಪ್ಟೆಂಬರ್ 30ರಂದು ಕೊನಾಮಿಯವರು ಹಳೆಯ ಹೆಸರನ್ನೂ ಹಳೆಯ ಕಟ್ಟಡವನ್ನೂ ಕಿತ್ತೆಸೆದು ಇ-ಫುಟ್ಬಾಲ್ ಎಂಬ ಹೊಚ್ಚಹೊಸ ಆಟವನ್ನು, ಅದೂ ಉಚಿತವಾಗಿ, ಕೊಟ್ಟರು. ಮಹಾಶಯರು ಕೇಳಿದ್ದೆಲ್ಲ ಒಂದೇ ದಿನದಲ್ಲಿ ನೆರವೇರಿತ್ತು. ಮೆಸ್ಸಿ, ರೊನಾಲ್ಡೊ ಮೊದಲಾದವರ ಮುಖಗಳು ಹೆತ್ತವರೂ ಗುರುತಿಸಲಾರದಂತೆ ವಿಕಾರಗೊಂಡಿದ್ದವು. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಅದು ಅತ್ಯಂತ ಕೆಳಗಿನ ಶ್ರೇಯಾಂಕಕ್ಕೆ ಕುಸಿಯಿತು. ಕೊನಾಮಿಯವರು ಕ್ಷಮೆ ಕೇಳಿದರು. ಆ ವಾರ ಮಹಾಶಯರು ಬೈಯಲಿಲ್ಲ. ಬೈಯಲು ತಮಗಿಂತ ಮುಂಚೆ ಜಗತ್ತೇ ಸಾಲುಗಟ್ಟಿ ನಿಂತಿದ್ದುದರಿಂದ, ಅನಾಥರಾದವರಂತೆ ಸೆಂಟರಿನ ಮೂಲೆಯಲ್ಲಿ ಕುಳಿತು, ಹಿಂದಿನ ವರ್ಷದ ಫಿಫಾವನ್ನು ಹಾಕಿಸಿಕೊಂಡು ಮೌನವಾಗಿ ಆಡಿದರು.

ಎರಡನೆಯ ಪೆಟ್ಟು 2023ರದು. ಫಿಫಾ ಒಕ್ಕೂಟದೊಡನೆ ಸಂಬಂಧ ಕಡಿದು, ಮೂವತ್ತು ವರ್ಷದ ಹೆಸರು ಹೋಗಿ ಇ.ಎ. ಸ್ಪೋರ್ಟ್ಸ್ ಎಫ್.ಸಿ. ಎಂಬ ನಾಮಕರಣವಾದಾಗ, ಅವರು ಚರಮಗೀತೆಯನ್ನು ಸಿದ್ಧಪಡಿಸಿಕೊಂಡೇ ಬಂದಿದ್ದರು. ಡಬ್ಬಿ ತೆರೆದರೆ ಒಳಗೆ ಅದೇ ಆಟ. 2025ರಲ್ಲಿಯಂತೂ ಸಂಸ್ಥೆಯವರು ಟೀಕಾಕಾರರ ಮಾತನ್ನು ಕಿವಿಗೆ ಹಾಕಿಕೊಂಡು, ನೈಜತೆ ಬಯಸುವವರಿಗೆ ಅಥೆಂಟಿಕ್ ಎಂದೂ, ಸ್ಪರ್ಧೆ ಬಯಸುವವರಿಗೆ ಕಾಂಪಿಟಿಟಿವ್ ಎಂದೂ ಆಟದ ಎರಡು ಪಾಕಗಳನ್ನು ಬೇರೆ ಬೇರೆಯಾಗಿ ಬಡಿಸಿದರು. ಮೊದಲನೆಯದು ಎಮ್ಮೆ ಮೇಯಿಸುವವರ ನಡಿಗೆಯೆಂದೂ, ಎರಡನೆಯದು ಬೆದರಿದವರ ಓಟವೆಂದೂ ತೀರ್ಪಿತ್ತು, ಇಷ್ಟು ಕಾಲ ಒಂದನ್ನೇ ಖಂಡಿಸುತ್ತಿದ್ದ ತಮಗೆ ಕೆಲಸ ಇಮ್ಮಡಿಯಾಯಿತೆಂದು ಅವರು ಗೊಣಗಿದರು. ಗೊಣಗುವಾಗ ಮುಖದಲ್ಲಿದ್ದ ಕಾಂತಿಯನ್ನು ಮಾತ್ರ ಮರೆಮಾಡಲಾಗಲಿಲ್ಲ.

ಹನೂರಿನಲ್ಲಿಯೂ ಈ ಸಂತತಿಯವರುಂಟು. ಅವರು ಈ ಆಟವನ್ನು ಮೊಬೈಲಿನಲ್ಲಿಯೇ ಆಡುವವರಾದುದರಿಂದ ಅವರ ತೀರ್ಪು ಸಿಗ್ನಲನ್ನು ಅನುಸರಿಸುತ್ತದೆ. ಬೆಟ್ಟದ ತಿರುವಿನಲ್ಲಿ ನೆಟ್‌ವರ್ಕ್ ಹೋದರೆ ಆಟ ಅಧಮ, ಬಂದರೆ ಮಧ್ಯಮ. ಯಳಂದೂರಿನವರ ಮಾರ್ಗ ಇದಕ್ಕಿಂತ ಸೂಕ್ಷ್ಮವಾದುದು. ಅಲ್ಲಿಯ ಒಬ್ಬ ಮಹನೀಯರು ಈ ಆಟವನ್ನು ಒಮ್ಮೆಯೂ ಕೈಯಿಂದ ಮುಟ್ಟಿದವರಲ್ಲ. ಅನ್ಯರು ಮಾಡಿದ ವಿಮರ್ಶೆಗಳ ವಿಡಿಯೋಗಳನ್ನು ನೋಡಿ ವಿಮರ್ಶಕರನ್ನೇ ವಿಮರ್ಶಿಸುತ್ತಾರೆ. ಸಂಜೆ ಗೌರೀಶ್ವರ ದೇವಾಲಯದ ಬಳೆಮಂಟಪದ ಎದುರು ನಿಂತು, ಒಂದೇ ಕಲ್ಲಿನಲ್ಲಿ ಕೊರೆದ ಆ ಬಳೆಗಳ ಸರಪಣಿಯನ್ನು ತೋರಿಸಿ, "ಇದನ್ನ ಕೆತ್ತಿದವ್ನು ಮಾರನೇ ವರ್ಷ ಇನ್ನೆರಡು ಬಳೆ ಸೇರಿಸಿ ಮತ್ತ ದುಡ್ಡು ಕೇಳುದ್ನಾ?" ಎಂದು ಅವರು ಒಮ್ಮೆ ಕೇಳಿದುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಕೊಳ್ಳೇಗಾಲದವರ ಒಂದು ಅಸಮಾಧಾನಕ್ಕೆ ಮಾತ್ರ ನನ್ನ ಪೂರ್ಣ ಸಹಾನುಭೂತಿ ಇದೆ. ಫಿಫಾ 22ರಲ್ಲಿ ಇಂಡಿಯನ್ ಸೂಪರ್ ಲೀಗ್ ಸೇರ್ಪಡೆಯಾಗಿ, ಬೆಂಗಳೂರು ಎಫ್.ಸಿ.ಯೂ ಸುನಿಲ್ ಛೆಟ್ರಿಯವರೂ ಪರದೆಯ ಮೇಲೆ ಕಾಣಿಸಿಕೊಂಡ ದಿನ ಮಹಾಶಯರು ಸೆಂಟರಿನಲ್ಲಿದ್ದವರಿಗೆಲ್ಲ ಚಹಾ ಕೊಡಿಸಿದರು. ಚಹಾ ಆರುವ ಮುನ್ನವೇ ಛೆಟ್ರಿಯವರಿಗೆ ಕೊಟ್ಟ ಅಂಕವನ್ನು ನೋಡಿ ಲೋಟ ಕೆಳಗಿಟ್ಟರು. ಅಂತರರಾಷ್ಟ್ರೀಯ ಗೋಲುಗಳ ಲೆಕ್ಕದಲ್ಲಿ ಮೆಸ್ಸಿಯ ಸಾಲಿನಲ್ಲಿ ಹೆಸರು ಬರೆಸಿಕೊಂಡವರನ್ನು ಇಂಗ್ಲೆಂಡಿನ ಕೆಳದರ್ಜೆಯ ತಂಡಗಳ ಬೆಂಚಿನವರೊಡನೆ ತೂಗಿದ್ದಾರೆಂದು ಅವರು ಆಡಿದ ಮಾತುಗಳು ಅಚ್ಚಿಗೆ ಯೋಗ್ಯವಲ್ಲ. ಕಂಠೀರವ ಕ್ರೀಡಾಂಗಣವೂ ಇರಲಿಲ್ಲ. ಕನ್ನಡದ ವೀಕ್ಷಕ ವಿವರಣೆ ಇಲ್ಲದ ಕೊರತೆಯನ್ನು ಅವರೇ ತುಂಬುತ್ತಾರೆ: "ಅಗಾ, ಬುಟ್ಟ! ಕೊಡ್ಲಾ ಅತ್ತಗ! ಅಯ್ಯೋ, ಗ್ವಾಡೆಗ ಒಡುದ್ನಲ್ಲೋ!"

ಇಂಥವರು ಸೋಲುವುದಿಲ್ಲ, ಸೋಲಿಸಲ್ಪಡುತ್ತಾರೆ. ಎದುರಾಳಿಯಿಂದಲ್ಲ, 'ಸ್ಕ್ರಿಪ್ಟಿಂಗ್'ನಿಂದ. ಯಾರು ಗೆಲ್ಲಬೇಕೆಂಬುದನ್ನು ಯಂತ್ರ ಮೊದಲೇ ಬರೆದಿಟ್ಟಿರುತ್ತದೆಂಬ ಈ ವಾದಕ್ಕೆ ಅವರು ಪ್ರಮಾಣಗಳನ್ನೂ ಒದಗಿಸುತ್ತಾರೆ. ಆಡುವವನ ಸಾಮರ್ಥ್ಯ ನೋಡಿ ಆಟದ ಕಷ್ಟವನ್ನು ಏರಿಳಿಸುವ ತಂತ್ರಕ್ಕೆ ಇ.ಎ. ಸಂಸ್ಥೆ ಪೇಟೆಂಟ್ ಪಡೆದಿರುವುದು ನಿಜ. 2020ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕೆಲವರು ದಾವೆ ಹೂಡಿದುದೂ ನಿಜ. ಫುಟ್ಬಾಲ್ ಆಟದಲ್ಲಿ ಅದನ್ನು ಬಳಸಿಲ್ಲವೆಂದು ಸಂಸ್ಥೆ ತಿಳಿಸಿ, ಮರುವರ್ಷ ದಾವೆ ಹಿಂದೆಗೆದುಕೊಳ್ಳಲ್ಪಟ್ಟ ಉತ್ತರಾರ್ಧ ಮಾತ್ರ ಅವರ ಸ್ಮೃತಿಯಲ್ಲಿ ನಿಲ್ಲುವುದಿಲ್ಲ. ಕಳೆದ ಸಲ ಅವರನ್ನು ಐದು ಗೋಲುಗಳಿಂದ ಮಣಿಸಿದವನು ಒಡೆಯರಪಾಳ್ಯದ ಟಿಬೆಟಿಯನ್ ಶಿಬಿರದ ಹುಡುಗ. ಸ್ಕ್ರಿಪ್ಟಿಂಗ್ ಕುರಿತ ಉಪನ್ಯಾಸವನ್ನು ಆದ್ಯಂತವಾಗಿ ವಿನಯದಿಂದ ಕೇಳಿ ಅವನು, "ಭಾನುವಾರ ನಮ್ಮ ಗ್ರೌಂಡಿಗೆ ಬನ್ನಿ ಸರ್, ಅಲ್ಲಿ ಏನೂ ಬರೆದಿಟ್ಟಿರಲ್ಲ" ಎಂದ.

ಹೋದರು. ಸೆಂಟರಿನ ಮಾಲೀಕನೂ ಜೊತೆಗೆ ಹೋದ. ಹನೂರು ದಾಟಿ, ಲೊಕ್ಕನಹಳ್ಳಿ ದಾಟಿ, ಮುಸುಕಿನ ಜೋಳದ ಹೊಲಗಳ ಅಂಚಿನಲ್ಲಿದ್ದ ಆ ಮೈದಾನದಲ್ಲಿ ನಿಂತು, ಚೆಂಡಿನ ಪುಟಿತ ಅಸಹಜವಾಗಿದೆಯೆಂದೂ, ಹುಲ್ಲು ಅಲ್ಲಲ್ಲಿ ಮಾತ್ರ ಮೂಡಿದೆಯೆಂದೂ ಅವರು ಮೊದಲ ಹದಿನೈದು ನಿಮಿಷ ದೋಷಗಳನ್ನು ಪಟ್ಟಿಮಾಡಿದರು. ಓಡಲಾರದವರೆಂದು ಹುಡುಗರು ಅವರ ಕೈಗೆ ಸೀಟಿ ಕೊಟ್ಟು ರೆಫರಿ ಮಾಡಿದರು. ಒಬ್ಬ ದಢೂತಿ ಹುಡುಗ ಎದುರಾಳಿಯ ಕಾಲಿಗೇ ಒದ್ದು ಕೆಡವಿದಾಗ, ಹಳದಿ ಕಾರ್ಡಿಲ್ಲದೆ ಇವರು ಜೇಬಿನಿಂದ ಬಸ್ ಟಿಕೆಟ್ ತೆಗೆದು ಎತ್ತಿಹಿಡಿದು ಹತ್ತಿರ ನಡೆದರು. ಅವನು ನೋಡಿದ, ನಕ್ಕ, ಓಡಿದ. ಇವರು ಬೆನ್ನಟ್ಟಿದರು. ಅವನು ಮೈದಾನವನ್ನು ಒಂದು ಸುತ್ತು ಸುತ್ತಿ ಜೋಳದ ಹೊಲಕ್ಕೆ ನುಗ್ಗಿದ. ಅರ್ಧ ಮೈದಾನದಲ್ಲಿಯೇ ನಿಂತು, ಮಂಡಿಯ ಮೇಲೆ ಕೈಯೂರಿ ಏದುಸಿರು ಬಿಡುತ್ತ ಮಹಾಶಯರು ಕೂಗಿದರು: "ತೊಂಬತ್ತಮೂರು! ಅಪ್ಪಟ ತೊಂಬತ್ತಮೂರು ಕನ್ರಪ್ಪಾ!"

ಹಿಂದಿರುಗುವ ಬಸ್ಸಿನಲ್ಲಿ ಅವರು ಹತ್ತಕ್ಕೆ ಎಂಟು ಅಂಕ ಕೊಟ್ಟರೆಂದು ಮಾಲೀಕ ಹೇಳುತ್ತಾನೆ. ಎರಡನ್ನು ಕಳೆದುದು ಗೋಲು ಕಂಬಗಳಿಗೆ ಬಲೆ ಇರಲಿಲ್ಲವೆಂಬ ಕಾರಣಕ್ಕೆ.