ಗತಿಸಿದವರ ಗೊಡವೆ

ನಮ್ಮ ಗುರುಗುಂಟಾ ಸೀಮೆಯಲ್ಲಿ ವಯಸ್ಸಾದ ಗೃಹಸ್ಥನೊಬ್ಬನು ನಡುಹಗಲಿನಲ್ಲಿ ಹೊಲದ ಬದುವಿನ ಮೇಲೆ ಮಂಡಿಯೂರಿ, ಕಲ್ಲೊಂದರ ಮೋರೆಯ ಹತ್ತಿರಕ್ಕೆ ತನ್ನ ಮೋರೆಯನ್ನು ತಂದು, ಅದನ್ನು ಬೆರಳಿನಿಂದ ಸವರುತ್ತ ತನ್ನಷ್ಟಕ್ಕೆ ತಾನೇ ಗೊಣಗುಟ್ಟುತ್ತಿದ್ದರೆ, ದಾರಿಹೋಕರು ಅದಕ್ಕೆ ಎರಡೇ ಕಾರಣಗಳನ್ನು ಊಹಿಸುವರು. ಮೊದಲನೆಯದು, ಆತನ ಚಿತ್ತಸ್ವಾಸ್ಥ್ಯ ಕೆಟ್ಟಿದೆಯೆಂಬುದು. ಎರಡನೆಯದು, ಆ ಕಲ್ಲಿನ ಬುಡದಲ್ಲಿ ನಿಕ್ಷೇಪವಿದೆಯೆಂಬುದು. ಸಜ್ಜನರು ಮೊದಲನೆಯದನ್ನು ನಂಬಿ, ಮರುಕಪಟ್ಟು, ಮುಂದೆ ಸಾಗುತ್ತಾರೆ. ವ್ಯವಹಾರಜ್ಞರು ಎರಡನೆಯದನ್ನು ನಂಬಿ ಅಲ್ಲಿಯೇ ಕುಳಿತುಕೊಳ್ಳುತ್ತಾರೆ. “ಏನ್ರೀ ಸರ, ಬಂಗಾರ ಏನರೆ ಹತ್ತಿತೇನು?” ಎಂದು ನನ್ನನ್ನು ಕೇಳದ ದನಗಾಹಿಯಾಗಲಿ, ಬಸ್ಸಿಗೆ ಕಾದು ಬೇಸತ್ತ ಪ್ರಯಾಣಿಕನಾಗಲಿ ಈ ತಾಲ್ಲೂಕಿನಲ್ಲಿ ವಿರಳ.

ಪ್ರಶ್ನೆಯನ್ನು ಅವಿವೇಕವೆಂದು ತಳ್ಳಿಹಾಕುವಂತಿಲ್ಲ. ಹಟ್ಟಿಯ ಚಿನ್ನದ ಗಣಿ ನಮ್ಮ ಮಗ್ಗುಲಿನಲ್ಲೇ ಇದೆ. ಇಂದಿನ ಕಂಪನಿಗಳೂ ಯಂತ್ರಗಳೂ ಹುಟ್ಟುವುದಕ್ಕೆ ಸುಮಾರು ಎರಡು ಸಾವಿರ ವರ್ಷಗಳ ಮುಂಚೆಯೇ ಇಲ್ಲಿಯ ಜನ ಬಂಡೆಗೆ ಬೆಂಕಿಯೊಡ್ಡಿ, ಕಾದ ಬಂಡೆಯ ಮೇಲೆ ನೀರು ಹೊಯ್ದು ಅದನ್ನು ಸೀಳಿ, 600 ಅಡಿಗೂ ಮಿಗಿಲಾದ ಆಳಕ್ಕೆ ಇಳಿದಿದ್ದರು. ಅವರು ಒಳಗೆ ಬಿಟ್ಟುಹೋದ ಮರದ ತುಂಡುಗಳನ್ನು ಪರೀಕ್ಷಿಸಿ ವಿದ್ವಾಂಸರು ಕಾಲವನ್ನು ಗೊತ್ತುಮಾಡಿದ್ದಾರೆ. ಹೀಗೆ ಮರದ ತುಂಡಿಗೆ ವಯಸ್ಸು ದೊರೆಯಿತು. ಅದನ್ನು ಹೆಗಲ ಮೇಲೆ ಹೊತ್ತು ಪಾತಾಳಕ್ಕಿಳಿದವನಿಗೆ ಹೆಸರು ದೊರೆಯಲಿಲ್ಲ. ನನ್ನ ಚಪಲವೆಲ್ಲ ಆ ಹೆಸರಿನ ಮೇಲೆ. ಆದರೆ ಬಂಗಾರ ಹತ್ತಿತೆ ಎಂದು ಕೇಳಿದವರಿಗೆ, ‘ಇಲ್ಲಪ್ಪ, ಒಬ್ಬ ಗಾವುಂಡನ ಸೊಸೆಯ ಹೆಸರು ಹತ್ತಿತು’ ಎಂದು ಉತ್ತರಿಸಿದರೆ, ಸಜ್ಜನರ ಊಹೆಯ ಪಕ್ಷಕ್ಕೆ ಇನ್ನೊಂದು ಮತ ಬಿದ್ದಂತಾಗುವುದೇ ಹೊರತು ಬೇರೆ ಪ್ರಯೋಜನವಿಲ್ಲ.

ಎದುರುಮನೆಗೆ ಬಾಡಿಗೆಗೆ ಬಂದವರು ಯಾರು, ಎಲ್ಲಿಯವರು, ಮಕ್ಕಳೆಷ್ಟು, ಹೊಲವೆಷ್ಟು ಎಂದು ವಿಚಾರಿಸುವ ಗೃಹಿಣಿಯನ್ನು ಲೋಕವು ಇಲ್ಲದ ಉಸಾಬರಿಯವಳೆಂದು ಜರೆಯುತ್ತದೆ; ಅದೇ ವಿಚಾರಣೆಯನ್ನು ಎಂಟುನೂರು ವರ್ಷ ತಡಮಾಡಿ ಕೈಕೊಂಡವನನ್ನು ಸಂಶೋಧಕನೆಂದು ಕರೆದು ಶಾಲು ಹೊದಿಸುತ್ತದೆ. ನನ್ನ ಹೆಂಡತಿಯ ಅಭಿಪ್ರಾಯದಲ್ಲಿ ಇವೆರಡಕ್ಕೂ ಇರುವ ಭೇದ ಇಷ್ಟೇ: ಆಕೆಗೆ ಸಮಾಚಾರವು ಪೂರ್ತಿಯಾಗಿ ಸಿಕ್ಕುತ್ತದೆ, ನನಗೆ ಸವೆದು ಸಿಕ್ಕುತ್ತದೆ. ಈ ವಾದದಲ್ಲಿ ನಾನು ಗೆದ್ದ ದಿನವಿಲ್ಲವಾದರೂ ಗತಿಸಿದವರ ಪರವಾಗಿ ಒಂದು ಮಾತನ್ನು ಆಡಲೇಬೇಕು. ಅವರ ವಿಷಯವನ್ನು ನಾವೆಷ್ಟು ಕೆದಕಿದರೂ ಅವರು ಪ್ರತಿಯಾಗಿ ನಮ್ಮ ಮಗನಿಗೆ ನೌಕರಿಯಾಯಿತೆ, ಸಂಬಳವೆಷ್ಟು ಎಂದು ಕೇಳುವುದಿಲ್ಲ. ಬದುಕಿರುವ ನೆಂಟರಲ್ಲಿ ಈ ಗುಣ ಕಾಣಸಿಗದು.

ಬಂಗಾರವನ್ನು ಅರಸುವವರಿಗೂ ಹೆಸರನ್ನು ಅರಸುವವರಿಗೂ ಇರುವ ನಂಟು ಮಸ್ಕಿಯಲ್ಲಿ ಒಮ್ಮೆ ಬಯಲಾಯಿತು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಇಂಜಿನಿಯರು ಚಿನ್ನದ ಸುಳಿವನ್ನು ಹಿಡಿದು ಅಲ್ಲಿಯ ಗುಡ್ಡಗಳಲ್ಲಿ ಅಲೆಯುತ್ತಿದ್ದಾಗ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡನು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದ ಮೇಲೆ ಲೋಕಕ್ಕೆ ತಿಳಿದುಬಂದದ್ದೇನೆಂದರೆ, ಆ ಬ್ರಾಹ್ಮೀ ಅಕ್ಷರಗಳಲ್ಲಿ ಅಶೋಕನ ಹೆಸರು ಅಶೋಕನೆಂದೇ ಕೆತ್ತಲ್ಪಟ್ಟಿದೆಯೆಂಬುದು. ಇದರಲ್ಲಿ ಹೆಚ್ಚಳವೇನೆಂದು ಕೇಳಬಹುದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯ ಗುಟ್ಟನ್ನು ಒಡೆದಂದಿನಿಂದ ಕಂಬಕಂಬದಲ್ಲಿಯೂ ಬಂಡೆಬಂಡೆಯಲ್ಲಿಯೂ ದೇವಾನಾಂಪ್ರಿಯನೆಂಬುವನೊಬ್ಬನು, ಪ್ರಿಯದರ್ಶಿಯೆಂಬುವನೊಬ್ಬನು ಪ್ರಜೆಗಳಿಗೆ ಬುದ್ಧಿ ಹೇಳುತ್ತಲೇ ಇದ್ದನು. ಆದರೆ ಆ ಮಹಾನುಭಾವನು ಯಾರೆಂಬುದನ್ನು ಸಿಂಹಳದ ಗ್ರಂಥಗಳನ್ನು ತಡಕಿ, ಜಾರ್ಜ್ ಟರ್ನರ್ ತೋರಿದ ಜಾಡಿನಲ್ಲಿ ನಡೆದು ಊಹಿಸಿಕೊಳ್ಳಬೇಕಾಗಿತ್ತು. ಮದುವೆಯ ಕರೆಯೋಲೆಯಲ್ಲಿ ಬೀಗರ ಬಿರುದು ಪದವಿಗಳೆಲ್ಲ ದಪ್ಪಕ್ಷರದಲ್ಲಿ ಅಚ್ಚಾಗಿ, ಮದುಮಗನ ಹೆಸರು ಮಾತ್ರ ಅಚ್ಚುಮೊಳೆಗೆ ಸಿಕ್ಕದೆ ತಪ್ಪಿಸಿಕೊಂಡಂತೆ, ಅಷ್ಟು ದೊಡ್ಡ ಸಾಮ್ರಾಜ್ಯದಲ್ಲಿ ಚಕ್ರವರ್ತಿಯ ಹೆಸರೊಂದೇ ಬಿಟ್ಟುಹೋಗಿತ್ತು. ಅದು ಮೊತ್ತಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ. ಆಮೇಲೆ ಗುಜರ್ರಾ, ನಿಟ್ಟೂರು, ಉಡೇಗೋಳಗಳಲ್ಲಿ. ನಿಟ್ಟೂರು ಉಡೇಗೋಳಗಳೂ ಕನ್ನಡನಾಡಿನವೇ ಆದುದರಿಂದ, ಅಶೋಕನನ್ನು ಹೆಸರು ಹಿಡಿದು ಕರೆಯುವ ಸಲಿಗೆ ನಮಗೇ ಹೆಚ್ಚೆಂದು ನಾನು ಆಗಾಗ ಜಂಬ ಕೊಚ್ಚಿಕೊಳ್ಳುವುದುಂಟು.

ಮಸ್ಕಿಯ ಆ ಬಂಡೆ ಹೇಳುವ ಮಾತೂ ನನಗೆ ಪ್ರಿಯವಾದುದು. ಧರ್ಮದ ಮೇಲ್ಮೆ ದೊಡ್ಡವರಿಗೆ ಮಾತ್ರ ಲಭ್ಯವೆಂದು ತಿಳಿಯಬೇಡಿ, ಸಣ್ಣವನೂ ಪ್ರಯತ್ನಿಸಿದರೆ ಅಲ್ಲಿಗೆ ಮುಟ್ಟಬಲ್ಲನೆಂಬುದು ಅದರ ತಾತ್ಪರ್ಯ. ಸಣ್ಣವರು ಸ್ವರ್ಗಕ್ಕೆ ಮುಟ್ಟಿದರೋ ಇಲ್ಲವೋ, ಬಂಡೆಗಂತೂ ಮುಟ್ಟಲಿಲ್ಲ. ಮುಟ್ಟಿದವನು ಒಬ್ಬನೇ, ಅವನೂ ಸರಕಾರಿ ನೌಕರ. ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನಗಳ ಕೊನೆಗೆ, ಇದನ್ನು ಬರೆದವನು ಚಪಡನೆಂದು ಒಂದು ರುಜುವಿದೆ. ಶಾಸನವೆಲ್ಲ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿಯಲ್ಲಿದ್ದರೆ, ತಾನು ಲಿಪಿಕಾರನೆಂಬ ಒಂದು ಮಾತನ್ನು ಮಾತ್ರ ಈ ಪುಣ್ಯಾತ್ಮನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೆತ್ತಿಟ್ಟಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ. ಮೊಳಕಾಲ್ಮೂರಿನ ಕುರುಚಲು ಕಾಡಿನಲ್ಲಿ ಅದನ್ನು ಓದಬಲ್ಲವರು ಅವನನ್ನು ಬಿಟ್ಟರೆ ಇನ್ನಾರೂ ಇದ್ದಿರಲಾರರು. ವಾಯವ್ಯದ ಚಳಿನಾಡಿನಿಂದ ವರ್ಗವಾಗಿ ಇಲ್ಲಿಯ ಬಿಸಿಲಿಗೆ ಬಂದು ಬಿದ್ದ ಗುಮಾಸ್ತನು, ಚಕ್ರವರ್ತಿಯ ಉಪದೇಶವನ್ನೆಲ್ಲ ವಿಧೇಯತೆಯಿಂದ ಬರೆದು ಮುಗಿಸಿ, ಮೇಲಧಿಕಾರಿ ಅತ್ತ ತಿರುಗಿದಾಗ ತನಗಾಗಿ ಒಂದು ಪದವನ್ನು ಕೆತ್ತಿಕೊಂಡನೆಂದು ನಾನು ಕಲ್ಪಿಸಿಕೊಳ್ಳುತ್ತೇನೆ. ಸರಕಾರಿ ಕಾಗದಗಳಲ್ಲಿ ಓದಲಾಗದ ಭಾಗವೆಂದರೆ ರುಜುವೇ ಎಂಬ ಪರಿಪಾಟಿಗೆ ಇದಕ್ಕಿಂತ ಹಳೆಯ ಆಧಾರವನ್ನು ಯಾರಾದರೂ ತೋರಿಸಲಿ.

ಹೆಸರು ಉಳಿಯುವುದಕ್ಕೆ ಮನುಷ್ಯನಾಗಿಯೇ ಹುಟ್ಟಬೇಕೆಂಬ ನಿಯಮವೂ ಇಲ್ಲ. ಮಂಡ್ಯದ ಕಡೆಯ ಆತಕೂರಿನ ಹತ್ತನೆಯ ಶತಮಾನದ ಕಲ್ಲನ್ನು ಬಲ್ಲವರೆಲ್ಲ ಬಲ್ಲರು. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರನು ಗಂಗರ ಬೂತುಗನಿಂದ ಮೆಚ್ಚುಗೆಯಾಗಿ ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ನಾಯಿಯನ್ನು. ಆ ನಾಯಿಯನ್ನು ಹಂದಿಯೊಂದರ ಮೇಲೆ ಬಿಡಲಾಗಿ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಅದಕ್ಕೆ ಕಲ್ಲು ನಿಂತಿತು, ಪೂಜೆಗೆ ಭೂಮಿ ಬಿಡಲಾಯಿತು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೇ ತಗಲುವುದೆಂದು ಕಟ್ಟಳೆಯನ್ನೂ ಬರೆಯಲಾಯಿತು. ಆ ಬಡಪಾಯಿ ಗೊರವನ ಬೆಳಗುಗಳನ್ನು ನೆನೆದರೆ ನನಗೆ ಅಯ್ಯೋ ಎನಿಸುತ್ತದೆ. ಅಂಬಲಿ ಆರುತ್ತಿದೆ, ಹೊಟ್ಟೆ ಹಸಿದಿದೆ. ಹೋಗಲಿ ಇಂದೊಂದು ದಿನ ಎಂದು ಕೈತೊಳೆಯಲು ಹೊರಟವನಿಗೆ, ನಾಯಿಯೊಂದು ಒಂದು ಜನ್ಮದಲ್ಲಿ ಎಷ್ಟು ಪಾಪ ಮಾಡಿರಬಹುದೆಂಬ ಲೆಕ್ಕ ಥಟ್ಟನೆ ನೆನಪಾಗುತ್ತದೆ. ನಾಯಿಯ ಹೆಸರು ಉಳಿಯಿತು, ಗೊರವನದು ಉಳಿಯಲಿಲ್ಲ.

ಶಾಸನಗಳ ಶಾಪಾಶಯಗಳಲ್ಲಿ ಇದು ಸೌಮ್ಯವಾದುದು. ದಾನವನ್ನು ಕೆಡಿಸಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನು, ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗುವನು ಎಂಬ ಒಕ್ಕಣೆ ಊರೂರಿನಲ್ಲಿಯೂ ಇದೆ; ಆ ಒಕ್ಕಣೆಯ ಮೇಲೆಯೇ ಬಟ್ಟೆ ಒಗೆಯುವ ದೃಶ್ಯವೂ ಹಳ್ಳಹಳ್ಳದಲ್ಲಿಯೂ ಇದೆ. ಕಾಲುವೆಯ ಸೇತುವೆಗೆ ಹಾಸಾದ ಶಾಸನ, ದನದ ಕೊಟ್ಟಿಗೆಗೆ ಮೆಟ್ಟಿಲಾದ ಶಾಸನ, ಮಸಾಲೆ ಅರೆದೂ ಅರೆದೂ ರಾಜವಂಶಾವಳಿಯೆಲ್ಲ ಸಾರಿನಲ್ಲಿ ಕರಗಿಹೋದ ಶಾಸನ—ಎಲ್ಲವನ್ನೂ ಕಂಡಿದ್ದೇನೆ. ಬರೆಸಿದವರು ಸೂರ್ಯಚಂದ್ರರಿರುವವರೆಗೆಂದು ಮೇಲ್ಗಡೆ ಅವರಿಬ್ಬರ ಬಿಂಬಗಳನ್ನು ಕೆತ್ತಿಸಿದರು. ಸೂರ್ಯಚಂದ್ರರು ಉಳಿದಿದ್ದಾರೆ, ಕೆಳಗಿನ ಒಪ್ಪಂದವೇ ಅಳಿಸಿದೆ.

ನನಗೆ ಒಲಿದವನೂ ಹೀಗೆ ಅರೆಬರೆಯಾಗಿಯೇ ಒಲಿದನು. ಅಮರೇಶ್ವರನ ಜಾತ್ರೆಗೆ ಜನ ನಡೆದುಹೋಗುವ ಕಡೆಯ ಒಂದು ಹೊಲದಲ್ಲಿ ಸೊಂಟದವರೆಗೆ ಹೂತ ಕಲ್ಲೊಂದಿದೆ. ಶಾಸನವನ್ನು ಓದುವ ಕ್ರಮವು ಕೇಳುವುದಕ್ಕೆ ಗಂಭೀರವಾಗಿದ್ದರೂ ನೋಡುವುದಕ್ಕೆ ಹಾಗಿರುವುದಿಲ್ಲ: ಕಲ್ಲಿಗೆ ಸ್ನಾನ ಮಾಡಿಸಿ, ಒದ್ದೆಯ ಕಾಗದವನ್ನು ಮೈಗೆ ಹೊದಿಸಿ, ಕಾಗದವು ಅಕ್ಷರದ ಕುಳಿಗಳಿಗೆ ಇಳಿಯುವಂತೆ ಕುಂಚದಿಂದ ಮೆಲ್ಲನೆ ಬಡಿದು, ಮೇಲೆ ಮಸಿಯೊತ್ತಿದರೆ, ಕರಿಯ ನೆಲದ ಮೇಲೆ ಬಿಳಿಯ ಅಕ್ಷರಗಳು ಎದ್ದುಬರುತ್ತವೆ. ಇದೇ ಪಡಿಯಚ್ಚು. ಇದಾಗುವ ಹೊತ್ತಿಗೆ ಮಸಿಯು ಕಾಗದಕ್ಕೆ, ಓದುಗನಿಗೆ, ನೋಡಲು ಬಂದ ಹುಡುಗರಿಗೆ ಸಮನಾಗಿ ಹಂಚಿಹೋಗಿರುತ್ತದೆ. ಆ ಕಲ್ಲಿನಿಂದ ಮೂಡಿಬಂದ ಬರೆಹದಲ್ಲಿ ವರ್ಷದ ಅಂಕಿಯಿದ್ದ ಎಡೆ ಒಡೆದುಹೋಗಿತ್ತು. ಶಕವರ್ಷವಾಗಿದ್ದರೆ 78 ಕೂಡಿಸಬಹುದಿತ್ತು. ಚಾಲುಕ್ಯ ವಿಕ್ರಮವರ್ಷವಾಗಿದ್ದರೆ 1076ರಿಂದ ಎಣಿಸಬಹುದಿತ್ತು. ಸಂವತ್ಸರದ ಹೆಸರೊಂದೇ ಉಳಿದುದರಿಂದ ಅರವತ್ತು ವರ್ಷಕ್ಕೊಮ್ಮೆ ಹುಟ್ಟಲು ಬರೆಸಿದವನಿಗೆ ಅವಕಾಶ ದೊರೆಯಿತು. ದೇವರ ನಂದಾದೀವಿಗೆಗೆ ಕೆಲವು ಮತ್ತರು ಭೂಮಿಯನ್ನು ಬಿಟ್ಟ ದಾನಿಯ ಹೆಸರಿನಲ್ಲಿ ಮೊದಲಕ್ಷರಗಳು ಸವೆದು ‘ಮಯ್ಯ’ ಎಂಬಷ್ಟೇ ಉಳಿದಿತ್ತು. ಕೇಸಿಮಯ್ಯನೋ, ರೇವಿಮಯ್ಯನೋ, ನಾಗಿಮಯ್ಯನೋ, ಯಾರು ಬಲ್ಲರು? ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟಿಸಿದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನು ಓದಿದ ಮೇಲೆ, ರಾಜನನ್ನು ಬಿಟ್ಟು ಇಂಥವರ ಬೆನ್ನು ಹತ್ತುವುದೂ ಮರ್ಯಾದೆಯ ಕಸುಬೇ ಎಂಬ ಧೈರ್ಯ ನನಗೆ ಬಂದಿತ್ತು. ಅಂದಿನಿಂದ ಮಯ್ಯನು ನಮ್ಮ ಮನೆಯವನಂತಾದನು. ಊಟಕ್ಕೆ ತಡವಾದರೆ, “ಮಯ್ಯನ ಸಂಗಾಟ ಉಂಡು ಬಂದ್ರೇನು?” ಎಂದು ಹೆಂಡತಿ ಕೇಳುವ ಮಟ್ಟಿಗೆ.

ಕಲ್ಲಿನಿಂದ ಕಾಗದಕ್ಕೆ ಬಂದರೂ ನಮ್ಮ ಕಡೆ ಸುಖವಿಲ್ಲ. ಗುರುಗುಂಟಾ ಹಿಂದೆ ಒಂದು ಸಂಸ್ಥಾನವಾಗಿತ್ತು. ಮೇಲೆ ನಿಜಾಮರ ಸರಕಾರವಿತ್ತು. ಆದುದರಿಂದ ಹಳೆಯ ಕಾಗದಗಳಲ್ಲಿ ನೆಲ ಕನ್ನಡದ್ದು, ಸೇತ್ವಾರು ಎಂಬ ಜಮೀನಿನ ಪಟ್ಟಿ ಉರ್ದುವಿನದು, ವರ್ಷ ಫಸಲಿಯದು, ತಿಂಗಳುಗಳು ಆಜೂರ್, ದೈ, ಬಹಮನ್ ಎಂಬ ಪಾರಸಿಯವು. ಹಿಂದೊಮ್ಮೆ ನೆರೆಯ ಮುದುಕನೊಬ್ಬನು ಮಾಸಾಶನದ ಸಲುವಾಗಿ ತನ್ನ ವಯಸ್ಸನ್ನು ಬಿಡಿಸಿಕೊಡಬೇಕೆಂದು ಬಂದನು. ಹಳೆಯ ಚೀಟಿಯಲ್ಲಿ ಫಸಲಿ 1340, ಅಮರ್ದಾದ್ ಎಂದಿತ್ತು. ಫಸಲಿಗೆ 590 ಕೂಡಿಸುವುದು ರೂಢಿಯಾದರೂ, ಆ ವರ್ಷ ಅಕ್ಟೋಬರಿನಲ್ಲಿ ಮೊದಲಾಗುವುದರಿಂದ, ಜನವರಿಯಿಂದ ಮುಂದಿನ ತಿಂಗಳುಗಳಿಗೆ 591 ಕೂಡಿಸಬೇಕಾಗುತ್ತದೆ. ಆದ್ದರಿಂದ 1931ರ ಮಳೆಗಾಲದಲ್ಲಿ ಹುಟ್ಟಿದ್ದೀಯೆಂದು ಹೇಳಿದೆ. 590 ಕೂಡಿಸಿದ್ದರೆ ಒಂದು ವರ್ಷ ಮೊದಲೇ ಮಾಸಾಶನ ಬರುತ್ತಿತ್ತಲ್ಲವೆ ಎಂದು ಕಂಡುಕೊಂಡ ಮುದುಕನು, “ಇದ್ದುದ್ರಾಗ ಕೂಡಸ್ಲಾಕ ನಿಮಗೇನು ಗಂಟು ಹೋಗತದರೀ?” ಎಂದು ನೊಂದು ನುಡಿದು, ಕೂಡಿಸುವುದರಲ್ಲಿ ಹೆಚ್ಚು ಔದಾರ್ಯವುಳ್ಳವರನ್ನು ಹುಡುಕಿಕೊಂಡು ಹೋದನು.

ಮಯ್ಯನ ವಿಷಯದಲ್ಲಿ ಇಂಥ ಉಪದ್ರವವಿಲ್ಲವೆಂದು ನಾನು ನೆಮ್ಮದಿಯಿಂದಿರುವಾಗಲೇ ಆ ಹೊಲದ ದಾಯಾದಿಗಳಿಬ್ಬರು ಒಟ್ಟಿಗೆ ನನ್ನ ಕಟ್ಟೆಗೆ ಬಂದು ಕುಳಿತರು. ಕಲ್ಲಿನಲ್ಲಿ ಭೂಮಿಯ ಎಲ್ಲೆ ಬರೆದಿದೆಯೆಂದು ಅವರ ಕಿವಿಗೆ ಬಿದ್ದಿತ್ತು. ಬರೆದಿದ್ದೇನೋ ನಿಜ: ಮೂಡಲು ಹುಣಿಸೆಯ ಮರ, ತೆಂಕಲು ಹಳ್ಳ, ಪಡುವಲು ಕೆಂಗಲ್ಲು. ಬಡಗಲ ದಿಕ್ಕಿಗೆ ಬರುವಷ್ಟರಲ್ಲಿ ಕಲ್ಲು ಚಕ್ಕೆ ಎದ್ದಿತ್ತು. ವ್ಯಾಜ್ಯವಿದ್ದುದು ಬಡಗಲ ಬದುವಿನದೇ ಆಗಿತ್ತು. ಹಿರಿಯವನು ಅಲ್ಲಿ ‘ಹಾಳುಬಾವಿ’ ಎಂದು ಓದುವುದಕ್ಕೆ ಸಾಧ್ಯವೇ ನೋಡಿರೆಂದನು. ಕಿರಿಯವನು ‘ಬೇವಿನ ಮರ’ ಎಂದಿರಬೇಕೆಂದನು. ಎರಡಕ್ಕೂ ಒಂದೊಂದು ಚೀಲ ಜೋಳದ ಆಧಾರವಿತ್ತು. ನಾನು ಎರಡನ್ನೂ ಒಪ್ಪದಿರಲು ಮಾತು ಮಯ್ಯನ ಕಡೆಗೆ ತಿರುಗಿತು. ಆತನು ಯಾರ ಪೈಕಿ? ಹಿರಿಯವನ ಮುತ್ತಜ್ಜ ನಾಗಪ್ಪನಾದುದರಿಂದ ಆತನು ನಾಗಿಮಯ್ಯನೇ ಆಗಿರಬೇಕೆಂದೂ, ಕಿರಿಯವನ ತಾಯಿಯ ಕಡೆ ರೇವಪ್ಪನಿದ್ದುದರಿಂದ ರೇವಿಮಯ್ಯನಲ್ಲದೆ ಬೇರೆ ಯಾರೂ ಆಗಲಾರನೆಂದೂ ಇತ್ಯರ್ಥವಾಯಿತು. ಎಂಟು ಶತಮಾನ ಯಾರೂ ಕೇಳದೆ ಬಿದ್ದಿದ್ದವನಿಗೆ ಒಂದೇ ಸಂಜೆಯಲ್ಲಿ ಎರಡು ವಂಶಗಳು ದೊರೆತವು.

ಮುಂದಿನ ವಾರ ಹೋಗಿ ನೋಡುತ್ತೇನೆ, ಕಿರಿಯವನು ಕಲ್ಲಿಗೆ ಹಸಿರು ಎಣ್ಣೆಬಣ್ಣವನ್ನು ಎರಡು ಸಲ ಬಳಿದು, ಮೂರು ಬೆರಳು ವಿಭೂತಿ ಎಳೆದಿದ್ದಾನೆ; ಹಿರಿಯವನು ಹಿಂದೆ ಬೀಳಲಾರದೆ ಮಗ್ಗುಲಿಗೆ ಬಾವುಟ ನೆಟ್ಟು ತಗಡಿನ ಡಬ್ಬಿಯೊಂದನ್ನು ಇಟ್ಟಿದ್ದಾನೆ. ಬಣ್ಣದ ಅಡಿಯಲ್ಲಿ ಒಂದಕ್ಷರವೂ ಕಾಣುತ್ತಿರಲಿಲ್ಲ. ಇನ್ನೊಮ್ಮೆ ಬೆರಳಾಡಿಸಿ ನೋಡೋಣವೆಂದು ಹತ್ತಿರ ಹೋದರೆ, ಕಿರಿಯವನು ಎದ್ದುನಿಂತು, ಬಹಳ ವಿನಯದಿಂದಲೇ, “ಚಪ್ಲಿ ಅಲ್ಲೇ ಬಿಡ್ರಿ ಸರ” ಎಂದನು.